ಮೂರು ಸೋಮವಾರ

ಐದು ವಾರಗಳಿಂದ ಹುಡುಗಿ ಆಟದ ಕೋಣೆಗೆ ಬಂದು ಒಂದೇ ಕೆಲಸ ಮಾಡುತ್ತಿದ್ದಳು. ಗೊಂಬೆಗಳ ಬುಟ್ಟಿಯಿಂದ ಕನ್ನಡಕದ ಹೆಂಗಸನ್ನು ಹುಡುಕಿ ತೆಗೆಯುವುದು, ಮರಳಿನ ತೊಟ್ಟಿಯಲ್ಲಿ ತಲೆಕೆಳಗಾಗಿ ಹೂಳುವುದು, ಮೇಲೆ ಅಂಗೈಯಿಂದ ತಟ್ಟಿ ತಟ್ಟಿ ಸಮ ಮಾಡುವುದು. ಹೆತ್ತವರನ್ನು ಕಳೆದುಕೊಂಡ ಮಕ್ಕಳ ಜೊತೆ ಆಡುವುದೇ ಆಟದ ಟೀಚರ್ ಕೆಲಸ. ಅವರು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ನೋಡುತ್ತಿದ್ದರು. ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ. ಆ ಮೌನ ಹುಡುಗಿಗೆ ಹಿಡಿಸಿತ್ತು. ಮನೆಯ ಮೌನದ ಹಾಗೆ ಅದು ಏನನ್ನೂ ಬಚ್ಚಿಟ್ಟುಕೊಂಡಿರಲಿಲ್ಲ.

ಕನ್ನಡಕದವಳು ದೊಡ್ಡಮ್ಮ. ಅಮ್ಮ ನರ್ಸು, ಆಗಾಗ ತರಬೇತಿಗೆಂದು ಬೇರೆ ಊರಿಗೆ ಹೋಗುತ್ತಿದ್ದವಳು. ಹಾಗಾಗಿ ಅಮ್ಮ ಸತ್ತ ದಿನ ದೊಡ್ಡಮ್ಮನಿಗೆ ಸುಳ್ಳು ಹುಡುಕಲು ಕಷ್ಟವಾಗಲಿಲ್ಲ. ಹುಡುಗಿಯನ್ನು ಮೇಲಿನ ಮನೆಯವರ ಹತ್ತಿರ ಬಿಟ್ಟು, ಎಲ್ಲ ಮುಗಿಸಿ ಬಂದು, ಅಮ್ಮ ತರಬೇತಿಗೆ ಹೋಗಿದ್ದಾಳೆ, ಸೋಮವಾರ ಬರುತ್ತಾಳೆ ಎಂದಳು. ಮೂರು ಸೋಮವಾರ ಹುಡುಗಿ ಶೂ ಬಿಚ್ಚದೆ ಬಾಗಿಲಲ್ಲಿ ಕಾದಳು. ನಾಲ್ಕನೆಯದು ಬರುವ ಮೊದಲೇ ಕ್ಲಾಸಿನಲ್ಲಿ ಪಕ್ಕದ ಬೆಂಚಿನವಳು, "ನಿಮ್ಮಮ್ಮ ಸತ್ತೋಗಿದ್ದಾರಂತೆ, ನಿಂಗೆ ಗೊತ್ತೇ ಇಲ್ವಾ?" ಎಂದು ಎಲ್ಲರೆದುರು ನಕ್ಕುಬಿಟ್ಟಳು. ಅಂದಿನಿಂದ ಹುಡುಗಿ ದೊಡ್ಡಮ್ಮನ ಜೊತೆ ಮಾತು ಬಿಟ್ಟಳು. ಅಮ್ಮ ಸತ್ತಳು ಎಂಬ ಆ ಒಂದು ಮಾತನ್ನು ದೊಡ್ಡಮ್ಮ ಇವತ್ತಿನವರೆಗೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿಸಬೇಕು. ನೋಯಿಸಿಯೇ ಹೇಳಿಸಬೇಕು.

ಆರನೆಯ ವಾರ ದೊಡ್ಡಮ್ಮನನ್ನೂ ಆಟಕ್ಕೆ ಕರೆಯೋಣವೇ ಎಂದು ಟೀಚರ್ ಕೇಳಿದಾಗ ಹುಡುಗಿಯ ಕಣ್ಣು ಮಿಂಚಿತು. ಈ ಕೋಣೆಯಲ್ಲಿ ಮಕ್ಕಳದೇ ಯಜಮಾನಿಕೆ. ಏನು ಮಾಡಲಿ, ಏನು ಹೇಳಲಿ ಎಂದು ದೊಡ್ಡವರು ಮಗುವಿನ ಕಿವಿಯಲ್ಲಿ ಪಿಸುಗುಟ್ಟಿ ಕೇಳಿಯೇ ಆಡಬೇಕು. ಯಾರಿಗೂ ಪೆಟ್ಟು ಮಾಡುವಂತಿಲ್ಲ.

"ಅಳಿಸಿದ್ರೆ ಅದು ಪೆಟ್ಟಾ?"

ಟೀಚರ್ ಸ್ವಲ್ಪ ಯೋಚಿಸಿದರು. "ಅಲ್ಲ. ಆದ್ರೆ ಸಾಕು ಅನ್ನಿಸಿದ್ರೆ ಯಾರು ಬೇಕಾದ್ರೂ ಆಟ ನಿಲ್ಲಿಸಬಹುದು."

"ಅವಳು ನಿಲ್ಲಿಸಲ್ಲ. ಅವಳಿಗೆ ಜಂಭ."

ದೊಡ್ಡಮ್ಮ ಬಂದಳು. ಮಂಡಿನೋವಿನವಳು, ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕೂರಲಾರದೆ ಕೂತಳು. ಹುಡುಗಿ ಅವಳ ಕನ್ನಡಕ ತೆಗೆದು ತಾನು ಹಾಕಿಕೊಂಡಳು. ಕೋಣೆಯೆಲ್ಲ ಮಂಜುಮಂಜಾಯಿತು. "ನಾನು ದೊಡ್ಡಮ್ಮ. ನೀನು ನಾನು."

ದೊಡ್ಡಮ್ಮ ಬಗ್ಗಿ, ಈಗ ಏನು ಹೇಳಲಿ ಎಂದು ಪಿಸುಗುಟ್ಟಿದಳು. ಅಮ್ಮ ಯಾವಾಗ ಬರ್ತಾಳೆ ಅಂತ ಕೇಳು ಎಂದಳು ಹುಡುಗಿ. ದೊಡ್ಡಮ್ಮ ಕೇಳಿದಳು.

"ಸೋಮವಾರ," ಎಂದಳು ಹುಡುಗಿ, ಆಟದ ತಟ್ಟೆ ಒರೆಸುತ್ತಾ, ದೊಡ್ಡಮ್ಮನದೇ ಧಾಟಿಯಲ್ಲಿ. "ಹೋಗಿ ಬಾಗಿಲಲ್ಲಿ ನಿಂತ್ಕೋ."

ನಿಂತಳು. ಹುಡುಗಿ ಕರೆದು ಮತ್ತೆ ಕೇಳಿಸಿದಳು. ಮತ್ತೆ ಸೋಮವಾರ, ಮತ್ತೆ ಬಾಗಿಲು. ಮೂರನೆಯ ಸಲಕ್ಕೆ ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು, ಮುಖ ಇಳಿದುಹೋಯಿತು. ಹುಡುಗಿಗೆ ಹೊಟ್ಟೆ ತಣ್ಣಗಾಯಿತು. ನಿಲ್ಲಿಸೋಣವೇ ಎಂಬಂತೆ ಟೀಚರ್ ನೋಡಿದರು. ದೊಡ್ಡಮ್ಮ ಬೇಡವೆಂದು ತಲೆಯಾಡಿಸಿದಳು.

ನಾಲ್ಕನೆಯ ಸಲ ಅವಳು ಕಿವಿಗೆ ಬಗ್ಗಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದಳು: "ಅಮ್ಮನ್ನ ಕಡೇ ಸಲ ನೋಡೋಕೆ ನನ್ನ ಯಾಕೆ ಕರ್ಕೊಂಡು ಹೋಗ್ಲಿಲ್ಲ?"

ಇದನ್ನು ಹುಡುಗಿ ಹೇಳಿಕೊಟ್ಟಿರಲಿಲ್ಲ. ದೊಡ್ಡಮ್ಮನಾಗಿ ಏನು ಉತ್ತರ ಕೊಡಬೇಕೆಂದು ಹುಡುಕಿದಳು. ಕನ್ನಡಕದ ಹಿಂದೆ ಏನೂ ಸಿಗಲಿಲ್ಲ. ಸೋತ ಹಾಗಾಗಿ ಸಿಟ್ಟು ನೆತ್ತಿಗೇರಿತು. ಕನ್ನಡಕ ಕಿತ್ತು ದೊಡ್ಡಮ್ಮನ ಕೈಗೆ ತುರುಕಿದಳು.

"ಈಗ ನೀನು ನೀನೇ. ಹೇಳು."

"ಕರ್ಕೊಂಡು ಹೋಗಿದ್ರೆ ಅಮ್ಮನಿಗೆ ಏನಾಯ್ತು ಅಂತ ನೀನು ಕೇಳ್ತಿದ್ದೆ," ಎಂದಳು ದೊಡ್ಡಮ್ಮ. "ನಾನು ಹೇಳ್ಬೇಕಾಗ್ತಿತ್ತು. ನನ್ನ ತಂಗಿ ಕಣೇ ಅವಳು."

"ಏನು ಹೇಳ್ಬೇಕಾಗ್ತಿತ್ತು?"

ದೊಡ್ಡಮ್ಮ ಕನ್ನಡಕವನ್ನು ಸೆರಗಿನಲ್ಲಿ ಒರೆಸತೊಡಗಿದಳು. ಹುಡುಗಿ ಕಾದಳು. ಕಾಯುವುದರಲ್ಲಿ ಅವಳು ಪಳಗಿದ್ದಳು.

"ಅಮ್ಮ ಸತ್ತುಹೋದಳು. ಇನ್ನು ಬರಲ್ಲ," ಎಂದಳು ದೊಡ್ಡಮ್ಮ, ಕನ್ನಡಕದಿಂದ ಕಣ್ಣೆತ್ತದೆ.

ದೊಡ್ಡಮ್ಮ ನೆಲಕ್ಕೆ ಕುಸಿದು ಕೂತು ಎರಡೂ ಕೈ ಚಾಚಿದಳು. ಹುಡುಗಿ ಆ ಕೈಗಳೊಳಗೆ ಹೋಗಲಿಲ್ಲ. ಒಂದು ಮಾರು ದೂರದಲ್ಲಿ, ಅವಳೆದುರಿಗೆ, ತಾನೂ ಕೂತಳು.

"ಇನ್ನೊಂದ್ಸಲ ಹೇಳು," ಎಂದಳು. "ನನ್ನ ಮುಖ ನೋಡ್ಕೊಂಡು."