ಒರೆಸಿಟ್ಟ ಕೋಣೆ

ಆ ಮನುಷ್ಯ ಬಿಟ್ಟು ಹೋದ ಮೇಲೆ ನನ್ನ ಚಿಕ್ಕಮ್ಮ ಆ ಕೋಣೆಯನ್ನು ಪೂರ್ತಿ ಸ್ವಚ್ಛ ಮಾಡಿದಳು. ಅರ್ಧ ಎಳೆದಿದ್ದ ಚಾದರ ತೆಗೆದು ಬೇರೆ ಹಾಸಿದಳು, ದಿಂಬು ಕೊಡವಿದಳು, ಅವನು ಕುಡಿದಿಟ್ಟ ಲೋಟ ತೊಳೆದಳು, ಬಾಗಿಲ ಹಿಡಿಯನ್ನು ಉಜ್ಜಿದಳು. ಗೋಡೆಯ ಮೇಲೆ ಅವಳದೇ ಒದ್ದೆ ಕೈಯ ಗುರುತು ಬಿದ್ದಿತ್ತು. ಅದನ್ನೂ ಒರೆಸಿದಳು. ಆಮೇಲೆ ಚಾದರ, ಟವೆಲುಗಳ ಗಾಡಿ ತಳ್ಳಿಕೊಂಡು ಪಕ್ಕದ ಕೋಣೆಗೆ ಹೋದಳು.

ನಾವು ಕೆಲಸ ಮಾಡುವುದು ರೀನೋ ಊರಿನ ಒಂದು ಕ್ಯಾಸಿನೋ ಹೋಟೆಲಿನಲ್ಲಿ. ಜೂಜಾಡುವವರು ಕೆಳಗೆ, ಮಲಗುವವರು ಮೇಲೆ, ಅವರ ಚಾದರ ಒಗೆಯುವವರು ಎಲ್ಲರಿಗಿಂತ ಕೆಳಗೆ. ಚಿಕ್ಕಮ್ಮ ಒಬ್ದುಲಿಯಾಳದು ಏಳನೇ ಮಹಡಿ. ನನಗೆ ಈ ಕೆಲಸ ಕೊಡಿಸಿದವಳೂ ಅವಳೇ, ಸಂಜೆಯ ಕಾಲೇಜಿಗೆ ಅಟ್ಟಿದವಳೂ ಅವಳೇ. ಕೆಲಸಕ್ಕೆ ಸೇರಿದ ಮೊದಲ ದಿನ ಅವಳು ನನಗೆ ಹೇಳಿದ್ದು ಒಂದೇ ಮಾತು: ಮುಟ್ಟದ ಕೋಣೆಗೆ ಕ್ಷಮೆ ಉಂಟು, ಅರ್ಧಕ್ಕೆ ಬಿಟ್ಟ ಕೋಣೆಗೆ ಇಲ್ಲ. ಅರ್ಧ ಹಾಸಿದ ಹಾಸಿಗೆಯೊಂದು ಮೇಲ್ವಿಚಾರಕಿಯ ಕಣ್ಣಿಗೆ ಬಿದ್ದರೆ ಸಾಕು, ಮಹಡಿ ಬೇರೆಯವರ ಪಾಲಾಗುತ್ತದೆ.

ಆ ದಿನ ಮನೆಗೆ ಹೋಗುವ ಬಸ್ಸಿನಲ್ಲಿ, ಬೇಳೆಯ ದರ ಹೇಳುವ ಹಾಗೆ ಹೇಳಿದಳು.

"ಸಿತ್ಲಾಲಿ, ಇವತ್ತೊಬ್ಬ ಹಂದಿ ನನ್ನ ಹಿಡ್ಕೊಂಡ್ಬಿಟ್ಟ."

"ಹಿಡ್ಕೊಂಡ ಅಂದ್ರೆ?"

"ಅಂದ್ರೆ ಹಿಡ್ಕೊಂಡ. ಬಾತ್‌ರೂಮಿಂದ ಬಂದ, ಬಾಯಿ ಮುಚ್ಚಿ ಗೋಡೆಗೆ ಒತ್ತಿ, ಅಂಗಿ ಒಳಗೆ ಕೈ ಹಾಕ್ದ. ಕಚ್ದೆ. ಅದಕ್ಕೆ ಬಿಟ್ಟ. ನಗ್ತಾ ಕೋಟು ಹಾಕ್ಕೊಂಡು ಇಸ್ಪೀಟಾಡೋಕೆ ಹೋದ."

ಆದರೆ ಊಟದ ಡಬ್ಬಿಯನ್ನು ತಲೆಕೆಳಗಾಗಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಬೀನ್ಸ್ ಕಾಳಿನ ರಸ ಲಂಗಕ್ಕೆ ಇಳಿಯುತ್ತಿದ್ದುದು ಅವಳಿಗೆ ಗೊತ್ತೇ ಆಗಿರಲಿಲ್ಲ.

"ಯಾರಿಗೆ ಹೇಳ್ದೆ?"

"ನಿಂಗೆ."

"ಇಳಿ. ವಾಪಸ್ ಹೋಗೋಣ."

"ಕಾಲು ನೋಯ್ತಿದೆ ಮಗಳೇ."

ಆದರೂ ಇಳಿದಳು.

ಮ್ಯಾನೇಜರ್ ಬ್ರೆಂಟ್ ಕೆಟ್ಟವನಲ್ಲ. ಕುರ್ಚಿ ಎಳೆದುಕೊಟ್ಟ, ನೀರು ಕೊಟ್ಟ. ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಆಮೇಲೆ ಕಂಪ್ಯೂಟರ್ ನೋಡಿ, "ಆದ್ರೆ ಮೇಲ್ವಿಚಾರಕಿ ಮಧ್ಯಾಹ್ನ ಆ ಕೋಣೆ ನೋಡಿದ್ದಾರೆ. ಎಲ್ಲ ಚೆನ್ನಾಗಿದೆ ಅಂತ ಹಾಕಿದ್ದಾರಲ್ಲ?" ಎಂದ.

ಇಂಗ್ಲಿಷ್ ಬಾರದ ಚಿಕ್ಕಮ್ಮನಿಗೆ ನಾನು ಅದನ್ನು ನಮ್ಮ ಭಾಷೆಯಲ್ಲಿ ಹೇಳಿದೆ.

"ಚೆನ್ನಾಗೇ ಇರುತ್ತೆ ಮತ್ತೆ. ಏಳನೇ ಮಹಡಿ ಅದು," ಎಂದಳು, ಸ್ವಲ್ಪ ಜಂಬದಿಂದಲೇ.

ಮುಂದೆ ನಮಗೆ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಕೊಟ್ಟದ್ದು ಕೋಣೆ ಚೆನ್ನಾಗಿದೆ ಎಂಬ ಆ ಮಾತೇ.

ನಾನು ಫೋನ್ ಮಾಡಿ ಕರೆಸಿದ ಪೊಲೀಸರು ಬರುವಷ್ಟರಲ್ಲಿ ಚಾದರ ಕುದಿನೀರಿನಲ್ಲಿ ಒಗೆದು, ಒಣಗಿಸಿ, ಮಡಿಸಿಟ್ಟಾಗಿತ್ತು. ಬಂದವಳು ಹೋಲ್ಮ್ ಎಂಬ ಚಿಕ್ಕ ವಯಸ್ಸಿನ ಅಧಿಕಾರಿ. ಮರ್ಯಾದೆಯಿಂದಲೇ ಕೇಳಿದಳು: "ಇಷ್ಟೆಲ್ಲ ಆದ ಮೇಲೆ ಕೋಣೆ ಯಾಕೆ ಸ್ವಚ್ಛ ಮಾಡಿದಿರಿ?" ಚಿಕ್ಕಮ್ಮ ಲಂಗದ ಮೇಲಿನ ಕಲೆ ಉಜ್ಜತೊಡಗಿದಳು. ಆ ಮನುಷ್ಯ ಪೊಲೀಸರಿಗೆ ಏನು ಹೇಳಿದ ಎಂಬುದು ಮಾರನೇ ದಿನ ಬ್ರೆಂಟ್‌ನಿಂದ ತಿಳಿಯಿತು. "ಆ ದಪ್ಪ ಮುದುಕಿಯನ್ನಾ? ನನ್ನನ್ನು ನೋಡಿ, ಅವಳನ್ನು ನೋಡಿ," ಎಂದನಂತೆ. ಅವನು ಹಳೆಯ ಗಿರಾಕಿ. ಅವನ ಕೋಣೆ ಅವನಿಗೇ ಉಳಿಯಿತು. ಚಿಕ್ಕಮ್ಮನನ್ನು "ಅವರ ಸುರಕ್ಷತೆಗಾಗಿ" ನೆಲಮಾಳಿಗೆಯ ಲಾಂಡ್ರಿಗೆ ಇಳಿಸಿದರು. ಅಲ್ಲಿ ದಿಂಬಿನ ಕೆಳಗೆ ಯಾರೂ ಟಿಪ್ಸ್ ಇಟ್ಟುಹೋಗುವುದಿಲ್ಲ. ಇರುವುದು ಹಬೆ ಮಾತ್ರ.

ಲಾಂಡ್ರಿಯಲ್ಲಿ ದೋನ್ಯಾ ಕೂಕಾ ಅವರದೇ ದರ್ಬಾರು. ನಮ್ಮ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯರು. 'ದೋನ್ಯಾ' ಎಂಬ ಮರ್ಯಾದೆಯ ಮಾತು ಸೇರಿಸದೆ ಅವರನ್ನು ಯಾರೂ ಮಾತಾಡಿಸುವ ಹಾಗಿಲ್ಲ, ಅವರು ಮಾತ್ರ ಯಾರನ್ನು ಏನು ಬೇಕಾದರೂ ಅನ್ನಬಹುದು. ಮೊದಲ ದಿನ ಊಟದ ಹೊತ್ತಿಗೇ ಶುರು ಮಾಡಿದರು.

"ಏನೇ ದುಲಿಯಾ, ನಮ್ಮ ವಯಸ್ಸಿಗೆ ಒಬ್ಬ ಹಿಡ್ಕೊಂಡ ಅಂದ್ರೆ ದೇವಮಾತೆಗೆ ಮೇಣದಬತ್ತಿ ಹಚ್ಬೇಕು ಕಣೆ!"

ಎಲ್ಲರೂ ನಕ್ಕರು.

"ನಿಮ್ಮ ಹೆಸರಲ್ಲೂ ಒಂದು ಹಚ್ತೀನಿ ದೋನ್ಯಾ. ನಿಮ್ಮ ಸರದಿನೂ ಬರ್ಲಿ," ಎಂದಳು ಚಿಕ್ಕಮ್ಮ.

ಇನ್ನೂ ಜೋರಾಗಿ ನಕ್ಕರು. ಚಿಕ್ಕಮ್ಮನೂ ನಕ್ಕಳು. ಆದರೆ ಡಬ್ಬಿಯನ್ನು ತೆರೆಯದೆ ಮನೆಗೆ ತಂದಳು.

ಚಿಕ್ಕಪ್ಪ ನಿಕಾಂದ್ರೋಗೆ ಅವಳೇ ಹೇಳಿದಳು, ಒಲೆಯ ಮುಂದೆ ನಿಂತು ಟೋರ್ಟಿಯಾ ರೊಟ್ಟಿ ತಿರುವಿ ಹಾಕುತ್ತಾ. ಚಿಕ್ಕಪ್ಪನದು ಟೈರ್ ಅಂಗಡಿಯಲ್ಲಿ ಕೆಲಸ. ಎದ್ದ, ಟೈರು ಬಿಚ್ಚುವ ಕಬ್ಬಿಣದ ಸಲಾಕೆ ತೆಗೆದುಕೊಂಡ, ಹೊರಗೆ ಹೋಗಿ ಟ್ರಕ್ಕಿನಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಹಾಗೇ ವಾಪಸು ಬಂದ. ಬ್ಯಾಟರಿಯನ್ನು ಚಾರ್ಜಿಗೆಂದು ತಾನೇ ಬಿಚ್ಚಿಟ್ಟಿದ್ದು ಅವನಿಗೆ ಮರೆತುಹೋಗಿತ್ತು.

"ಕೊಂದು ಬಂದ್ಯಾ?" ಎಂದು ಕೇಳಿದಳು ಚಿಕ್ಕಮ್ಮ.

ಅವನು ಸಲಾಕೆಯನ್ನು ಮೂಲೆಗಿಟ್ಟು ಕೂತ. "ಅಲ್ವೇ... ಆ ಚಾದರ ಯಾಕೆ ತೆಗ್ದೆ ನೀನು?"

ಬಿಸಿ ರೊಟ್ಟಿ ಅವನ ಎದೆಗೆ ಬಡಿಯಿತು. "ನೀನೂನಾ?"

ಚಿಕ್ಕಪ್ಪ ನೆಲದಿಂದ ರೊಟ್ಟಿ ಎತ್ತಿಕೊಂಡು, ಕೊಡವಿ, ತಿಂದ. ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ಮಾರನೇ ದಿನದಿಂದ ತಾನೇ ಅವಳನ್ನು ಹೋಟೆಲಿನ ಹಿಂಬಾಗಿಲಿಗೆ ಬಿಟ್ಟು, ಸಂಜೆ ತಾನೇ ಕರೆತರತೊಡಗಿದ. ಅಂಗಡಿಯ ಯಜಮಾನ ಬೈಯುತ್ತಿದ್ದ. ಚಿಕ್ಕಪ್ಪ ಬೈಸಿಕೊಳ್ಳುತ್ತಿದ್ದ.

ಆ ವಾರದಲ್ಲೇ ಬ್ರೆಂಟ್ ಒಂದು ಕಾಗದ ತಂದ. ನಡೆದದ್ದೆಲ್ಲ ತಪ್ಪು ತಿಳುವಳಿಕೆಯಿಂದ ಆದದ್ದು, ದೂರು ಮುಂದುವರಿಸುವುದಿಲ್ಲ ಎಂದು ಅದರಲ್ಲಿತ್ತು. ಸಹಿ ಹಾಕಿದರೆ ಏಳನೇ ಮಹಡಿ ವಾಪಸು. ಶುಕ್ರವಾರದವರೆಗೆ ಯೋಚನೆ ಮಾಡಿ ಎಂದ. ಅದೇ ಶುಕ್ರವಾರ ಹೋಲ್ಮ್ ಕೂಡ ಪೂರ್ತಿ ಹೇಳಿಕೆ ಕೊಡಲು ಠಾಣೆಗೆ ಬರಹೇಳಿದ್ದಳು.

"ಸೈನ್ ಹಾಕ್ತೀನಿ. ಸಾಕು ನಂಗೆ," ಎಂದಳು ಚಿಕ್ಕಮ್ಮ.

"ಹಾಕಿದ್ರೆ ನೀನು ಸುಳ್ಳು ಹೇಳ್ದೆ ಅಂತಾಗುತ್ತೆ."

"ನಿನ್ನ ಕಾಲೇಜು ಪುಸ್ತಕದಲ್ಲಿ, ಹಿಂಗಾದ ಮೇಲೆ ಚಾದರ ಹಾಸೋ ಹೆಂಗಸಿನ ಪುಟ ಇದೆಯಾ? ಇದ್ರೆ ತೋರ್ಸು." ನಾನು ಪುಸ್ತಕ ಮುಚ್ಚಿಟ್ಟೆ. "ಆ ಪೊಲೀಸಿನವಳು ಯಾಕೆ ಅಂತ ಕೇಳಿದ್ದಕ್ಕೆ ನಂಗೇ ಉತ್ತರ ಗೊತ್ತಿಲ್ಲ. ಕಿರುಚಿ ಓಡ್ಬೇಕಿತ್ತಲ್ವಾ ನಾನು? ದಿಂಬು ಕೊಡವ್ತಾ ನಿಂತಿದ್ದೆ ಕಣೆ. ನನ್ನನ್ನ ನಾನೇ ನಂಬಲ್ಲ, ಅವಳು ಹೆಂಗೆ ನಂಬ್ತಾಳೆ?"

ಶುಕ್ರವಾರ ಊಟದ ಬಿಡುವಿನಲ್ಲಿ ನಾನು ಲಾಂಡ್ರಿಗೆ ಇಳಿದಾಗ ಅವಳು ಒಂದು ಒಣಗಿಸುವ ಯಂತ್ರದ ಗಾಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚುತ್ತಿದ್ದಳು. ದೋನ್ಯಾ ಕೂಕಾ ಟವೆಲ್ ಮಡಿಸುತ್ತಿದ್ದರು.

"ಸೈನ್ ಹಾಕೋಕೆ ಇಷ್ಟು ಶೃಂಗಾರನಾ?"

"ಹೂಂ ದೋನ್ಯಾ."

"ಗಿರಾಕಿಗೆ ಇಡೋ ಚಾಕಲೇಟು, ಅದನ್ನ ದಿಂಬಿನ ಮೇಲೆ ಇಟ್ಟಿದ್ಯಾ ಅವತ್ತು?"

"ದೋನ್ಯಾ, ಇವತ್ತು ತಮಾಷೆ ಬೇಡ. ದಮ್ಮಯ್ಯ."

"ಕೇಳಿದ್ದಕ್ಕೆ ಹೇಳೆ. ಇಟ್ಯಾ?"

ಚಿಕ್ಕಮ್ಮ ಬಾಚಣಿಗೆ ಕೆಳಗಿಳಿಸಿದಳು. "...ಇಟ್ಟೆ."

"ಎಷ್ಟು?"

"ಎರಡು. ಜೋಡಿ ಹಾಸಿಗೆ ಅಲ್ವಾ."

ದೋನ್ಯಾ ಕೂಕಾರ ಕೈ ನಿಂತಿತು. "ನಾನೂ ಎರಡು ಇಟ್ಟಿದ್ದೆ," ಎಂದರು.

ಯಾರೂ ನಗಲಿಲ್ಲ. ಯಂತ್ರಗಳು ತಿರುಗುತ್ತಲೇ ಇದ್ದವು.

"ಯಾವಾಗ?" ಎಂದು ಕೇಳಿದಳು ಚಿಕ್ಕಮ್ಮ.

"ಈ ನಿನ್ನ ಪುಟ್ಟಿ ಹುಟ್ಟೋಕೆ ಮುಂಚೆ. ಬೇರೆ ಹೋಟ್ಲು. ಈಗ ಅದನ್ನ ಕೆಡವಿ ಕಾರು ನಿಲ್ಲಿಸ್ತಾರೆ. ನಂಗೆ ನಿಂಗಿಂತ ಜಾಸ್ತಿನೇ ಆಗಿತ್ತು. ಎದ್ದೆ, ಕೋಣೆ ಮುಗಿಸ್ದೆ, ಕಸ ತಗೊಂಡು ಹೋದೆ. ಕಸದ ಚೀಲಕ್ಕೆ ಗಂಟು ಹಾಕಿದ್ದೂ ನೆನಪಿದೆ."

ಇಸ್ತ್ರಿ ಯಂತ್ರದ ಹತ್ತಿರ ನಮಗೆ ಬೆನ್ನು ಹಾಕಿ ನಿಂತಿದ್ದ ಹೆಂಗಸೊಬ್ಬಳು ತಿರುಗದೆಯೇ ಹೇಳಿದಳು: "ನಾನು ಟವೆಲ್‌ನಲ್ಲಿ ಹಂಸ ಮಡಿಸಿ ಹಾಸಿಗೆ ಮೇಲಿಟ್ಟು ಬಂದೆ." ಅಷ್ಟೇ. ಇನ್ನೊಂದು ಚಾದರ ಎಳೆದುಕೊಂಡಳು.

ಚಿಕ್ಕಮ್ಮ ದೋನ್ಯಾ ಕೂಕಾರ ಕಡೆ ತಿರುಗಿದಳು. "ಮೇಣದಬತ್ತಿ ಹಚ್ಚು ಅಂದಿದ್ದು ನೀವೇ ಅಲ್ವಾ?"

"ಅಂದೆ. ನಗಿಸ್ದೇ ಇದ್ದಿದ್ರೆ ನಾನು ಅಳ್ತಿದ್ದೆ. ನಾನು ಅಳ್ತಾ ಕೂತ್ರೆ ನಿಮ್ಮನ್ನೆಲ್ಲ ಬಯ್ಯೋರು ಯಾರು?"

"ಹಾಳು ಮುದುಕಿ," ಎಂದಳು ಚಿಕ್ಕಮ್ಮ. 'ದೋನ್ಯಾ' ಇಲ್ಲದೆ ಅವರನ್ನು ಮಾತಾಡಿಸಿದ್ದನ್ನು ನಾನು ಕೇಳಿದ್ದು ಆಗ ಮಾತ್ರ. ದೋನ್ಯಾ ಕೂಕಾ ಬೇಸರ ಮಾಡಿಕೊಳ್ಳಲಿಲ್ಲ. ಚಿಕ್ಕಮ್ಮನ ಕೈಯಿಂದ ಬಾಚಣಿಗೆ ಕಿತ್ತುಕೊಂಡು, ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಉಳಿದರ್ಧ ತಲೆಯನ್ನು ತಾವೇ ಬಾಚಿದರು.

ಬ್ರೆಂಟ್‌ನ ಮುಂದೆ ಚಿಕ್ಕಮ್ಮ ಕಾಗದವನ್ನು ಮುಟ್ಟಲಿಲ್ಲ. "ಲಾಂಡ್ರಿನೇ ಇರ್ಲಿ ಅನ್ನು. ಅಲ್ಲಿ ಜನ ಚೆನ್ನಾಗಿದ್ದಾರೆ," ಎಂದಳು. ನಾನು ಹಾಗೇ ಹೇಳಿದೆ. ಬ್ರೆಂಟ್ ನಿಟ್ಟುಸಿರು ಬಿಟ್ಟು, ಮುಂದೆ ಕೆಲಸದ ಗಂಟೆಗಳು ಕಡಿಮೆಯಾಗಬಹುದು, ಅದು ತನ್ನ ಕೈಯಲ್ಲಿಲ್ಲ ಎಂದ. ಅವನು ಹೇಳಿದ್ದು ನಿಜವೇ ಆಯಿತು.

ಕೆಲಸ ಮುಗಿದ ಮೇಲೆ ಟ್ರಕ್ಕಿನ ಮುಂದಿನ ಸೀಟಿನಲ್ಲಿ ನಾವು ನಾಲ್ವರೂ ಒತ್ತಿಕೊಂಡು ಕೂತೆವು. ದೋನ್ಯಾ ಕೂಕಾರನ್ನು ಬರಬೇಡಿ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

"ಈ ಗಾಡಿಗೆ ಬ್ರೇಕು ಇದೆಯೇನಪ್ಪಾ ನಿಕಾಂದ್ರೋ?"

"ಇದೆ ದೋನ್ಯಾ. ಹಿಡಿಯಲ್ಲ, ಅಷ್ಟೇ."

ಠಾಣೆಯಲ್ಲಿ ಹೋಲ್ಮ್ ಮೇಜಿನ ಮೇಲಿನ ಫೋನಿನಲ್ಲಿ ಒಬ್ಬ ದುಭಾಷಿಯನ್ನು ಹಿಡಿದಳು. ಚಿಕ್ಕಮ್ಮ ಮೊದಲಿಂದ ಕೊನೆವರೆಗೆ ಹೇಳಿದಳು. ಕೊನೆಗೆ, "ಯಾಕೆ ಸ್ವಚ್ಛ ಮಾಡ್ದೆ ಅಂದ್ರಲ್ಲ, ನಂಗೆ ಈಗ್ಲೂ ಪೂರ್ತಿ ಗೊತ್ತಿಲ್ಲ. ಕೈ ತಾನಾಗೇ ಮಾಡ್ತು. ಇವರ ಕೈನೂ ಹಂಗೇ ಮಾಡಿತ್ತಂತೆ. ಇವರನ್ನೂ ಕೇಳಿ," ಎಂದಳು.

ಹೋಲ್ಮ್ ಪೆನ್ನು ಕೆಳಗಿಟ್ಟಳು. "ಇದರಿಂದ ಕೋರ್ಟಿನಲ್ಲಿ ಕೇಸು ಗೆಲ್ಲುತ್ತೆ ಅಂತ ನಾನು ಮಾತು ಕೊಡಲಾರೆ."

"ಮಾತು ಕೊಡಿ ಅಂದ್ನಾ ನಾನು? ಬರ್ಕೊಳ್ಳಿ ಅಂದೆ," ಎಂದಳು ಚಿಕ್ಕಮ್ಮ.

ಹೋಲ್ಮ್ ಪೆನ್ನು ಎತ್ತಿಕೊಂಡು ದೋನ್ಯಾ ಕೂಕಾರ ಕಡೆ ತಿರುಗಿದಳು. ನಮ್ಮನ್ನೆಲ್ಲ ವರ್ಷಗಟ್ಟಲೆ ಬೈದ ಆ ಬಾಯಿಂದ ಮಾತು ಹೊರಡಲಿಲ್ಲ. ಕೈಚೀಲದ ಹಿಡಿಯನ್ನು ತಿರುಚಿದರು. ನೀರು ಕೇಳಿದರು, ಕುಡಿಯಲಿಲ್ಲ. ಫೋನಿನೊಳಗಿನ ದನಿ, ಲೈನಿನಲ್ಲಿ ಇದ್ದೀರಾ ಎಂದು ಕೇಳಿತು.

ಚಿಕ್ಕಮ್ಮ ತನ್ನ ಕುರ್ಚಿಯನ್ನು ಅವರ ಕುರ್ಚಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡಳು.

"ಬಾಗಿಲಿಂದ ಶುರು ಮಾಡಿ ದೋನ್ಯಾ. ನಿಧಾನಕ್ಕೆ. ಅವತ್ತು ಚಾದರದ ಗಾಡಿ ಎಲ್ಲಿ ನಿಲ್ಲಿಸಿದ್ರಿ?"

"ಬಾಗಿಲಿಗೆ ಅಡ್ಡ," ಎಂದರು ದೋನ್ಯಾ ಕೂಕಾ.