ಮಾತಾಡಿಸಲು ಬಂದವರಿಗೆ ಚಹಾ ಇಲ್ಲ

ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಊರಿಗೆ ಊರೇ ಮಾತಾಡಿಸಲು ಬರುತ್ತದೆ. ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಅರ್ಧ ಡಜನ್ ಬಾಳೆಹಣ್ಣು, ಒಂದು ಬಿಸ್ಕೆಟ್ ಪುಡಿಕೆ ಇದ್ದೇ ಇರುತ್ತದೆ. ಚಾಪೆಯ ಮೇಲೆ ಕೂತು, ಹೇಗಾಯಿತು ಯಾವಾಗಾಯಿತು ಎಂದು ಕೇಳಿ, ನಮ್ಮ ಸೋದರಮಾವನಿಗೂ ಹೀಗೇ ಆಗಿ ಹೋಗಿಯೇಬಿಟ್ಟರು ಎಂದು ರೋಗಿಯ ಮುಂದೆಯೇ ಹೇಳಿ, ಚಹಾ ಕುಡಿದು ಏಳುತ್ತಾರೆ. ಆ ಚಹಾ ಮಾಡುವವಳು ಯಾರು? ನಾಲ್ಕು ದಿನದಿಂದ ಕಣ್ಣಿಗೆ ಕಣ್ಣು ಹಚ್ಚದ ಆ ಮನೆಯ ಹೆಂಗಸು.

ನಾನು ಪರಿಮಳಾ, ಶಹಾಪುರ ತಾಲ್ಲೂಕಿನ ಸಗರದಲ್ಲಿ ಆಶಾ ಕಾರ್ಯಕರ್ತೆ. ಊರಿಗೆ ಬುದ್ಧಿ ಹೇಳುವುದು ನನ್ನ ಕೆಲಸ. ಆದರೆ ಈ ಕಥೆಯಲ್ಲಿ ಬುದ್ಧಿ ಕಲಿತವಳು ನಾನೇ. ಅದಕ್ಕೇ ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಸಾವಿತ್ರಿಬಾಯಿಯ ಮನೆಯಲ್ಲಿ ಆ ಚಹಾ ನಾನೂ ಕುಡಿದಿದ್ದೇನೆ.

ಸಾವಿತ್ರಿಬಾಯಿ ಹೊಲದ ಕೂಲಿ ಮಾಡುವ ಹೆಂಗಸು. ಓದಿದ್ದು ಮೂರನೇ ತರಗತಿ. ಊರಲ್ಲಿ ಯಾರಿಗೆ ಹೆರಿಗೆ ಬೇನೆ ಬಂದರೂ ಮೊದಲು ನನಗೆ ಫೋನು, ಎರಡನೆಯದು ಅವಳಿಗೆ. ತನ್ನ ಚೊಚ್ಚಲ ಹೆರಿಗೆಯಲ್ಲಿ ಕೈ ಹಿಡಿಯಲು ಒಬ್ಬರೂ ಇರಲಿಲ್ಲವಂತೆ. ಆ ಹೆದರಿಕೆ ಬೇರೆಯವರಿಗೆ ಬೇಡ ಎಂದು ಅಂದಿನಿಂದ ಹೊರಟವಳು, ಯಾರಿಂದಲೂ ಏನೂ ತೆಗೆದುಕೊಳ್ಳದೆ ಇಪ್ಪತ್ತು ವರ್ಷ ನಡೆದಿದ್ದಾಳೆ. ಹಳೆಯ ಸೀರೆ, ತಾಯಿ ಕಾರ್ಡು, ಬಿಸಿನೀರಿನ ಡಬ್ಬಿ ಎಲ್ಲ ಚೀಲಕ್ಕೆ ತುಂಬಿ ಆಂಬುಲೆನ್ಸ್ ಹತ್ತುತ್ತಾಳೆ. ಕಿರುಚಾಡುತ್ತಿದ್ದ ಹುಡುಗಿಯ ಸೊಂಟದ ಮೇಲೆ ಅವಳು ಅಂಗೈ ಇಟ್ಟಳೆಂದರೆ ಹುಡುಗಿ ಉಸಿರು ಬಿಟ್ಟು ಸುಮ್ಮನಾಗುತ್ತಾಳೆ. ಹನ್ನೆರಡು ವರ್ಷದಿಂದ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಆ ಕೈಯಲ್ಲಿ ಏನಿದೆ ಎಂದು ನನಗೆ ಇನ್ನೂ ತಿಳಿದಿಲ್ಲ.

ಅವಳ ಗಂಡ ಅಂಬ್ರಪ್ಪ ಗೌಂಡಿ ಕೆಲಸದವನು. ಈ ಸಲ ಹತ್ತಿ ಬಿಡಿಸುವ ಕಾಲ ಶುರುವಾದ ವಾರವೇ, ಗೋಡೆ ಕಟ್ಟುತ್ತಿದ್ದಾಗ ಅವನ ಕೈಯಿಂದ ಕರಣೆ ಜಾರಿ ಬಿತ್ತು. ಬಾಯಿ ಒಂದು ಕಡೆ ವಾಲಿತು, ಮಾತು ತೊದಲಿತು. ಜೊತೆ ಗೌಂಡಿ ಸುನೀಲಕುಮಾರ ಬಿಸಿಲು ಹೊಡೆದಿರಬೇಕೆಂದು ನೀರು ಚಿಮುಕಿಸುತ್ತಾ ಕೂರಲಿಲ್ಲ. ಸಿಕ್ಕ ಗಾಡಿಗೆ ಹಾಕಿಕೊಂಡು ನೇರ ಆಸ್ಪತ್ರೆಗೆ ಒಯ್ದ. ಅದರಿಂದ ಜೀವ ಉಳಿಯಿತು. ಆದರೆ ಲಕ್ವಾ ಬಲಗೈ, ಬಲಗಾಲು ಎರಡನ್ನೂ ತಿಂದಿತ್ತು, ಮಾತನ್ನೂ ನುಂಗಿತ್ತು. ಹತ್ತು ದಿನದ ಮೇಲೆ ಮನೆಗೆ ಬಂದಾಗ ಅಷ್ಟೆತ್ತರದ ಆಳು ತಾನಾಗಿ ಮಗ್ಗಲು ಹೊರಳಲಾರದವನಾಗಿದ್ದ.

ಮಕ್ಕಳು ದುಡಿಯಲು ದೂರದ ಊರಿಗೆ ಹೋಗಿದ್ದರು, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಸಾವಿತ್ರಿಬಾಯಿ ಹೊಲ ಬಿಟ್ಟಳು. ಹೆರಿಗೆಗೆ ಹೋಗುವುದನ್ನೂ ಬಿಟ್ಟಳು. ಫೋನಿನಲ್ಲಿ ತನ್ನ ಹೆಸರು ತೆಗೆದುಬಿಡು ಎಂದು ನನಗೆ ಹೇಳಿದಳು. ನಾನು ತೆಗೆಯಲಿಲ್ಲ, ಏಕೆಂದರೆ ಅಂಜುಮ್ ಇದ್ದಳು.

ಅಂಜುಮ್ ನಮ್ಮ ಓಣಿಯ ದಾವಲಬೀಯ ಸೊಸೆ. ಹೋದ ವರ್ಷ ಮನೆಯಲ್ಲೇ ಹೆರಿಗೆಯಾಗಿ ಕೂಸು ಉಳಿದಿರಲಿಲ್ಲ. ಈಗ ಮತ್ತೆ ತುಂಬು ಗರ್ಭಿಣಿ, ಮೇಲೆ ಬಿಪಿ ಬೇರೆ. ಈ ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಆದರೆ ಆ ಹುಡುಗಿಗೆ ಆಸ್ಪತ್ರೆಯೆಂದರೆ ಬಲು ಹೆದರಿಕೆ. ಸಾವಿತ್ರಿಬಾಯಿ ಬಂದರೆ ಮಾತ್ರ ಹೋಗುತ್ತೇನೆ, ಇಲ್ಲದಿದ್ದರೆ ಮನೆಯಲ್ಲೇ ಎಂದು ಕೂತಿದ್ದಳು. ಏಳನೇ ತಿಂಗಳಲ್ಲಿ ಸಾವಿತ್ರಿಬಾಯಿ ಅವಳ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು. ಗಂಡನನ್ನು ಬಿಟ್ಟು ಬಂದರೆ ಗಂಡನ ಗತಿಯೇನು, ಬಾರದಿದ್ದರೆ ಅಂಜುಮ್ ಗತಿಯೇನು? ಆ ಹೆಂಗಸು ಇದೇ ಚಿಂತೆಯಲ್ಲಿ ಸೊರಗುತ್ತಿದ್ದಳು.

ಒಂದು ಬೆಳಿಗ್ಗೆ ಬುದ್ಧಿ ಹೇಳಲೆಂದೇ ಅವಳ ಮನೆಗೆ ಹೋದೆ. ಚಾಪೆಯ ಮೇಲೆ ಆರು ಜನ ಇದ್ದರು. ಅವಳು ಒಲೆಯ ಮುಂದೆ ಚಹಾ ಸೋಸುತ್ತಿದ್ದಳು. ಸೋಸುತ್ತಲೇ ಕಣ್ಣು ಮುಚ್ಚಿಕೊಂಡು ಹೋಗುತ್ತಿದ್ದವು. ಅಷ್ಟರಲ್ಲಿ ಬಂದವರಲ್ಲೊಬ್ಬರು ಅಂತಃಕರಣದಿಂದಲೇ, ಪಾಪ ಅವನೂ ಒಂದು ಗುಟುಕು ಕುಡಿಯಲಿ ಎಂದು, ಮಲಗಿದ್ದ ಅಂಬ್ರಪ್ಪನ ಬಾಯಿಗೆ ಚಹಾ ಹಾಕಿಬಿಟ್ಟರು. ಅದು ನೆತ್ತಿಗೇರಿತು. ಅವನು ಕೆಮ್ಮಲೂ ಆಗದೆ ಕಣ್ಣು ಮೇಲೆ ಮಾಡಿದ, ಮುಖ ನೀಲಿಗಟ್ಟಿತು. ನಾನು ಓಡಿಹೋಗಿ ಎಬ್ಬಿಸಿ, ಮುಂದಕ್ಕೆ ಬಗ್ಗಿಸಿ ಹಿಡಿದೆ. ಕೊನೆಗೆ ಚಹಾ ಹೊರಗೆ ಬಂದು ಅವನ ಉಸಿರು ತಿರುಗಿತು.

ಅಂಗಿ ಬದಲಿಸುವಾಗ ಸೊಂಟದ ಎಲುಬಿನ ಮೇಲೆ ಕೆಂಪು ಗುರುತು ಕಂಡಿತು. ಒತ್ತಿದರೂ ಹೋಗಲಿಲ್ಲ. ಒಂದೇ ಮಗ್ಗಲಲ್ಲಿ ಬಹಳ ಹೊತ್ತು ಮಲಗಿದರೆ ಹೀಗಾಗುತ್ತದೆ, ಬಿಟ್ಟರೆ ಹುಣ್ಣಾಗುತ್ತದೆ. ಬೆಳಿಗ್ಗೆಯಿಂದ ಹೊರಳಿಸಿಲ್ಲವೇ ಎಂದು ಕೇಳಿದೆ. ಮಂದಿ ಬರುತ್ತಲೇ ಇದ್ದಾರೆ, ಅವರ ಮುಂದೆ ಹೇಗೆ ಹೊರಳಿಸಲಿ ಎಂದಳು. ಅವಳ ಬಿಪಿ ನೋಡಿದೆ. ಗಂಡನಿಗಿಂತ ಅವಳದೇ ಹೆಚ್ಚಿತ್ತು. ತನ್ನ ಬಿಪಿ ಮಾತ್ರೆ ನುಂಗಿ ಹದಿನೈದು ದಿನವಾಗಿತ್ತು.

ಮಂದಿಯ ಸಹಾಯ ತಗೋ ಅಕ್ಕಾ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

"ಮಂದಿ ಬಂದು ನನ್ನ ಗಂಡನ ಸೇವಾ ಮಾಡಿದ್ರ ನಾ ಇರೋದು ಯಾತಕ?" ಎಂದಳು. "ಹತ್ತಿ ಬಿಡಿಸೋ ದಿನದಾಗ ಕೆಲಸ ಬಿಟ್ಟು ಬಂದೋರ ಮುಯ್ಯಿ ನಾ ಹೆಂಗ ತೀರಿಸ್ಲಿ, ಪರಿಮಳಾ? ನಂಗ ಹೊಲಕ ಹೋಗಾಕೂ ಆಗಂಗಿಲ್ಲ."

ಮುಯ್ಯಿ ಎಂದರೆ ನಮ್ಮ ಕಡೆ ಬಲು ದೊಡ್ಡ ಮಾತು. ಇವತ್ತು ನಿನ್ನ ಹೊಲಕ್ಕೆ ನಾನು ಬಂದರೆ ನಾಳೆ ನನ್ನ ಹೊಲಕ್ಕೆ ನೀನು. ಅದೇ ಮುಯ್ಯಾಳು. ತೀರಿಸಲಾಗದ ಮುಯ್ಯಿ ಹೊರುವುದಕ್ಕಿಂತ ಸಾಯುವುದೇ ಮೇಲು ಎನ್ನುವ ಸ್ವಭಾವದವಳು ಸಾವಿತ್ರಿಬಾಯಿ. ನನ್ನ ಬುದ್ಧಿವಾದ ಅಲ್ಲಿಗೆ ಖಾಲಿಯಾಯಿತು.

ಮೋರೆ ಸಣ್ಣದು ಮಾಡಿಕೊಂಡು ಅವಳ ಗುಂಪಿನವರು ಹತ್ತಿ ಬಿಡಿಸುತ್ತಿದ್ದ ಹೊಲಕ್ಕೆ ಹೋದೆ. ಆ ಗುಂಪಿನ ಹಿರಿಯಳು ಸೂಗಮ್ಮ. ಎಪ್ಪತ್ತರ ಹತ್ತಿರ ವಯಸ್ಸು, ಗಡಿಯಾರ ನೋಡಲು ಬಾರದು, ನಾಲಿಗೆ ಮಾತ್ರ ಕುಡುಗೋಲು. ನಾನು ಹೇಳಿದ್ದನ್ನೆಲ್ಲ ಹತ್ತಿ ಬಿಡಿಸುತ್ತಲೇ ಕೇಳಿದಳು. ಅಯ್ಯೋ ಪಾಪ ಎನ್ನಲಿಲ್ಲ. ಉಡಿಯ ಹತ್ತಿಯನ್ನು ಚೀಲಕ್ಕೆ ಸುರಿದು, ಎಷ್ಟು ತಾಸಿಗೊಮ್ಮೆ ಹೊರಳಿಸಬೇಕು ಎಂದಷ್ಟೇ ಕೇಳಿದಳು. ಎರಡು ತಾಸಿಗೆ ಎಂದೆ.

ಆಮೇಲೆ ಅಲ್ಲೇ ನಿಂತು ಲೆಕ್ಕ ಹಾಕಿದಳು. ಹೊಲದಲ್ಲಿ ಸಾಲು ಹಂಚುವ ಹಾಗೆ ದಿನವನ್ನೇ ಹಂಚಿಬಿಟ್ಟಳು. ಹಾಲಿನ ಗಾಡಿ ಬಂದಾಗ ಒಬ್ಬಳು. ಬೆಳಿಗ್ಗೆ ಮಕ್ಕಳ ಸಾಲಿ ಗಂಟೆ ಹೊಡೆದಾಗ ಇನ್ನೊಬ್ಬಳು. ಶಹಾಪುರದ ಮಧ್ಯಾಹ್ನದ ಬಸ್ಸು ಹಾರ್ನ್ ಹಾಕಿದಾಗ ತಾನು. ಮಕ್ಕಳು ಉಂಡು ಮತ್ತೆ ಒಳಗೆ ಹೋಗುವ ಗಂಟೆಗೆ ಒಬ್ಬಳು, ಸಾಲಿ ಬಿಡುವ ಗಂಟೆಗೆ ಒಬ್ಬಳು. ಮಸೀದಿಯಲ್ಲಿ ಸಂಜೆಯ ಬಾಂಗ್ ಕೂಗಿದಾಗ ಕೆಲಸ ಮುಗಿಸಿ ಬರುವ ಸುನೀಲಕುಮಾರ. ರಾತ್ರಿ ಮಾತ್ರ ಸಾವಿತ್ರಿಬಾಯಿಯದೇ. ಹನ್ನೆರಡು ವರ್ಷ ಈ ಸದ್ದುಗಳನ್ನೆಲ್ಲ ನಾನೂ ಕೇಳಿದ್ದೆ. ಇಡೀ ಊರು ಒಬ್ಬ ರೋಗಿಯ ಗಡಿಯಾರವಾಗಬಲ್ಲದು ಎಂದು ನನಗೆ ಹೊಳೆದಿರಲಿಲ್ಲ.

ಮರುದಿನ ಸಾಲಿ ಗಂಟೆಗೆ ಸೂಗಮ್ಮ ನಾಲ್ವರು ಹೆಂಗಸರನ್ನೂ ಸುನೀಲಕುಮಾರನನ್ನೂ ಕರೆದುಕೊಂಡು ಸಾವಿತ್ರಿಬಾಯಿಯ ಮನೆಗೆ ನುಗ್ಗಿದಳು. ಸಾವಿತ್ರಿಬಾಯಿ ರೂಢಿಯಂತೆ ಒಲೆಯ ಮೇಲೆ ಚಹಾದ ಪಾತ್ರೆ ಇಟ್ಟಳು. ಸೂಗಮ್ಮ ಅದನ್ನು ಇಳಿಸಿ ಕೆಳಗಿಟ್ಟಳು.

"ಮಾತಾಡ್ಸಾಕ ಬಂದಿಲ್ಲ. ಮುಯ್ಯಾಳ ಬಂದೀವಿ. ಕೆಲಸ ತೋರ್ಸು."

"ಆಯಿ, ಇದನ್ನ ನಾ ಹೆಂಗ ತೀರಿಸ್ಲಿ?"

"ನನ್ನ ಸೊಸಿ ಗುರುದೇವಿ ಹಡಿಯುವಾಗ ಎರಡು ದಿನ ಬಾಗಲಾಗ ಕುಂತಿದ್ದಿ. ಈಕಿ ಮಗಳಿಗೆ ಹೋಗೀದಿ, ಆಕಿ ತಂಗೀಗೆ ಹೋಗೀದಿ. ಮೊದ್ಲ ಬಂದಾಕಿ ನೀನ ಅಲ್ಲ? ಈಗ ನಮ್ಮ ಪಾಳಿ ಅದ."

ಸಾವಿತ್ರಿಬಾಯಿಯ ಕೈ ಮತ್ತೆ ಚಹಾದ ಪಾತ್ರೆಯ ಕಡೆಗೇ ಹೋಯಿತು. ಇಪ್ಪತ್ತು ವರ್ಷ ಕೊಡುತ್ತಲೇ ಬಂದವಳಿಗೆ ತೆಗೆದುಕೊಳ್ಳುವುದು ಹೇಗೆಂದು ಗೊತ್ತಿರಲಿಲ್ಲ.

ಆ ದಿನ ಅವಳೇ ಗುರು, ಉಳಿದವರು ಮಕ್ಕಳು. ಹೇಗೆ ಹೊರಳಿಸುವುದು, ಬೆನ್ನಿಗೆ ದಿಂಬು ಎಲ್ಲಿ ಕೊಡುವುದು, ಹಾಸಿಗೆಯ ಸುಕ್ಕು ಹೇಗೆ ತೆಗೆಯುವುದು ಎಲ್ಲ ತೋರಿಸಿದಳು. ಕೂರಿಸಿಯೇ ಉಣಿಸಬೇಕು, ಒಂದು ಚಮಚ ನುಂಗಿದ ಮೇಲೆಯೇ ಇನ್ನೊಂದು, ಉಂಡ ಮೇಲೆ ಅರ್ಧ ತಾಸು ಮಲಗಿಸಬಾರದು ಎಂದು ನಾನು ಸೇರಿಸಿದೆ. ಕೆಂಪು ಗುರುತನ್ನು ನರ್ಸ್ ಬಂದು ನೋಡಿಹೋದರು. ಮೈ ಒರೆಸುವುದು, ಬಟ್ಟೆ ಬದಲಿಸುವುದು, ಗಡ್ಡ ತೆಗೆಯುವುದು ಸುನೀಲಕುಮಾರನ ಪಾಲಿಗೆ ಬಂತು. ಆ ಮಧ್ಯಾಹ್ನ ಸಾವಿತ್ರಿಬಾಯಿ ತನ್ನ ಮಾತ್ರೆ ನುಂಗಿ ನಾಲ್ಕು ತಾಸು ಮಲಗಿದಳು. ಅವಳು ಗೊರಕೆ ಹೊಡೆಯುವುದನ್ನು ಕೇಳಿ ಅಂಬ್ರಪ್ಪ ಅರ್ಧ ಬಾಯಲ್ಲಿ ನಕ್ಕ.

ಆದರೆ ಹೊಸ್ತಿಲು ಮಾತ್ರ ದಾಟಲಿಲ್ಲ. ಹತ್ತು ದಿನ ಮನೆಯೊಳಗೇ ಇದ್ದಳು. ಹನ್ನೊಂದನೇ ದಿನ, ಸಾಲಿ ಗಂಟೆಯಾಗಿ ಸ್ವಲ್ಪ ಹೊತ್ತಿಗೆ, ದಾವಲಬೀ ಏದುಸಿರು ಬಿಡುತ್ತಾ ಬಂದಳು. ಅಂಜುಮ್‌ಗೆ ಬೇನೆ ಶುರುವಾಗಿತ್ತು. ಆಂಬುಲೆನ್ಸ್ ಬಂದು ನಿಂತಿದೆ, ಹುಡುಗಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಹತ್ತಲು ಒಲ್ಲೆ ಎನ್ನುತ್ತಿದ್ದಾಳೆ, ತನ್ನ ಮಾತೂ ಕೇಳುತ್ತಿಲ್ಲ ಎಂದಳು. ಹಿಂದೆಯೇ ಓಡಿಬಂದಿದ್ದ ನಾನು ಸಾವಿತ್ರಿಬಾಯಿಯ ಮುಖ ನೋಡಿದೆ. ಅವಳು ಗಂಡನ ಮುಖ ನೋಡುತ್ತಿದ್ದಳು.

ಅಂಬ್ರಪ್ಪ ಎಡಗೈ ಎತ್ತಿ ಬಾಗಿಲ ಕಡೆ ತೋರಿಸಿದ. ಬಾಯಿ ಸೆಟೆಯಿತು, ಕುತ್ತಿಗೆಯ ನರ ಉಬ್ಬಿದವು. ಲಕ್ವಾ ಹೊಡೆದ ಮೇಲೆ ಅವನ ಬಾಯಿಂದ ಒಂದು ಮಾತೂ ಸರಿಯಾಗಿ ಹೊರಟಿರಲಿಲ್ಲ.

"ಹೋ... ಗು."

ದಾವಲಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಂದು ತನ್ನ ಪಾಳಿಗೆ ಮುಂಚೆಯೇ ಬಂದಿದ್ದ ಸೂಗಮ್ಮ ಒಬ್ಬಳೇ ಕೆಲಸದ ಮಾತಾಡಿದಳು.

"ಈಗ ಯಾವ ಮಗ್ಗಲ ಅದಾನ?"

"ಬಲ," ಎಂದಳು ಸಾವಿತ್ರಿಬಾಯಿ.

"ಬಸ್ ಬಂದಮ್ಯಾಲ ಎಡ. ನಂಗ ಗೊತ್ತದ. ನೀ ನಡಿ."

ಸಾವಿತ್ರಿಬಾಯಿ ಚೀಲ ಹೆಗಲಿಗೆ ಹಾಕಿಕೊಂಡು ನಡೆದಳು. ಅಂಜುಮ್ ಅವಳನ್ನು ಕಂಡದ್ದೇ ಚೌಕಟ್ಟಿನಿಂದ ಕೈ ತೆಗೆದಳು. ಶಹಾಪುರ ಮುಟ್ಟುವವರೆಗೂ ಆ ಅಂಗೈ ಹುಡುಗಿಯ ಸೊಂಟದ ಮೇಲೇ ಇತ್ತು. ಆಸ್ಪತ್ರೆಯಲ್ಲಿ ಬಿಪಿ ಏರಿತು, ಡಾಕ್ಟರು ಸೂಜಿ ಹಾಕಿದರು, ಒಂದು ತಾಸು ನಮಗೆಲ್ಲ ಜೀವ ಕೈಯಲ್ಲಿತ್ತು. ಮನೆಯಲ್ಲೇ ಉಳಿದಿದ್ದರೆ ಏನಾಗುತ್ತಿತ್ತೋ ನೆನೆಯಲೂ ಹೆದರಿಕೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು, ಹುಟ್ಟಿದ್ದೇ ಜೋರಾಗಿ ಅತ್ತಿತು. ಎಷ್ಟೋ ಹೆರಿಗೆ ನೋಡಿದ ನಾನು ಆ ಅಳು ಕೇಳಿ ಗೋಡೆಗೆ ಒರಗಿ ನಿಂತುಬಿಟ್ಟೆ.

ಹೊತ್ತು ಮುಳುಗುವ ಮುಂಚೆ ಸಗರಕ್ಕೆ ಮರಳಿದೆವು. ದಾರಿಯುದ್ದಕ್ಕೂ ಸಾವಿತ್ರಿಬಾಯಿ ಸೆರಗು ಹಿಂಡುತ್ತಾ ಕೂತಿದ್ದಳು. ಮನೆಯೊಳಗೆ ಕಾಲಿಟ್ಟರೆ, ಅಂಬ್ರಪ್ಪ ದಿಂಬಿಗೆ ಒರಗಿ ಕೂತಿದ್ದ. ಗಡ್ಡ ನುಣ್ಣಗಾಗಿತ್ತು. ಅಂದು ಕೆಲಸದಿಂದ ಬೇಗ ಬಂದಿದ್ದ ಸುನೀಲಕುಮಾರ ಗಂಜಿ ಉಣಿಸುತ್ತಾ, ಪ್ರತಿ ಚಮಚಕ್ಕೂ ಗಂಟಲು ಅಲುಗುವುದನ್ನು ನೋಡುತ್ತಿದ್ದ. ಮಾತಾಡಿಸಲು ಬಂದ ಇಬ್ಬರಲ್ಲಿ ಒಬ್ಬಳು ಅವನ ಬಲಗೈಯ ಬೆರಳು ಮಡಿಸಿ ಬಿಡಿಸುತ್ತಿದ್ದಳು, ಇನ್ನೊಬ್ಬಳು ನೀರು ತುಂಬುತ್ತಿದ್ದಳು. ಸೊಂಟದ ಕೆಂಪು ಮಾಸುತ್ತಾ ಬಂದಿತ್ತು. ಬಾಂಗ್ ಕೇಳಿಸಿತು. ಸಾವಿತ್ರಿಬಾಯಿ ಮುಂದೆ ಹೋಗಲಿಲ್ಲ, ಬಾಗಿಲಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನನ್ನ ಕಣ್ಣಿಗೂ ಏನೂ ಕಾಣಿಸುತ್ತಿರಲಿಲ್ಲ.

ಈಗ ಮೂರು ತಿಂಗಳಾಯಿತು. ಅಂಬ್ರಪ್ಪ ಪೂರ್ತಿ ಗುಣವಾಗಿಲ್ಲ, ಸುಳ್ಳು ಯಾಕೆ ಹೇಳಲಿ. ಎಡಗೈಯಲ್ಲಿ ಚಮಚ ಹಿಡಿಯುತ್ತಾನೆ, ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುತ್ತಾನೆ. ಸಾವಿತ್ರಿಬಾಯಿ ಹಗಲಿನ ಹೆರಿಗೆಗೆ ಮಾತ್ರ ಹೋಗುತ್ತಾಳೆ. ರಾತ್ರಿಯದಕ್ಕೆ ಸೂಗಮ್ಮನ ಸೊಸೆ ಗುರುದೇವಿಯನ್ನು ತಯಾರು ಮಾಡಿದ್ದಾಳೆ. ನನ್ನ ಫೋನಿನಲ್ಲಿ ಅವಳ ಹೆಸರು ಇದ್ದಲ್ಲೇ ಇದೆ, ಕೆಳಗೆ ಇನ್ನೊಂದು ಸೇರಿದೆ.

ಅಂಜುಮ್ ಕೂಸು ಎತ್ತಿಕೊಂಡು ಮನೆಗೆ ಬಂದ ಮರುದಿನದ ಮಾತೊಂದು ಉಳಿದಿದೆ. ಸಾಲಿ ಬಿಡುವ ಗಂಟೆ ಹೊಡೆಯಿತು. ದಾವಲಬೀ ಸಾವಿತ್ರಿಬಾಯಿಯ ಮನೆಗೆ ಬಂದಳು. ಕೈಯಲ್ಲಿ ಬಾಳೆಹಣ್ಣಿಲ್ಲ, ಬಿಸ್ಕೆಟ್ ಇಲ್ಲ. ಚಾಪೆಯ ಕಡೆ ನೋಡಲೂ ಇಲ್ಲ. ತೋಳು ಮೇಲೇರಿಸಿಕೊಂಡು ಹಾಸಿಗೆಯ ಹತ್ತಿರ ನಿಂತು, "ಈಗ ಯಾವ ಮಗ್ಗಲ ಅದಾರ್ರಿ?" ಎಂದು ಕೇಳಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಯಲ್ಲೂ ಒಂದು ಹಾಸಿಗೆ ಇದೆ, ಅದರ ಪಕ್ಕ ನಿದ್ದೆಗೆಟ್ಟವರೊಬ್ಬರು ಇದ್ದಾರೆ. ಅವರು ಕರೆಯುವುದಿಲ್ಲ, ನೀವೇ ಹೋಗಿ. ರೋಗಿಯನ್ನು ಹೊರಳಿಸುವುದನ್ನು, ಕೂರಿಸಿ ಉಣಿಸುವುದನ್ನು ಕಲಿಯಿರಿ. ನೋಡಿಕೊಳ್ಳುವವರನ್ನು ಎರಡು ತಾಸು ಮಲಗಲು ಬಿಡಿ, ಅವರ ಮಾತ್ರೆ ಅವರು ನುಂಗಿದರೇ ಎಂದು ಕೇಳಿ. ನೀವೇ ನೋಡಿಕೊಳ್ಳುವವರಾಗಿದ್ದರೆ, ಬಂದ ಕೈಗೆ ಚಹಾದ ಬದಲು ಕೆಲಸ ಕೊಡಿ. ಊರಿಗಾಗಿ ಮಾಡುತ್ತಿದ್ದುದನ್ನು ಪೂರ್ತಿ ಬಿಡಬೇಡಿ, ಒಬ್ಬರೇ ಹೊರಲೂ ಬೇಡಿ, ಇನ್ನೊಬ್ಬರಿಗೆ ಕಲಿಸಿ. ತಿಳಿಯದ್ದನ್ನು ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ. ಅವಳಿಗೂ ಚಹಾ ಬೇಡ.

ಇವತ್ತೇ ಹೋಗಿ. ಹಾಸಿಗೆಯ ಹತ್ತಿರ ನಿಂತು, ದಾವಲಬೀ ಕೇಳಿದ್ದನ್ನೇ ನೀವೂ ಕೇಳಿ.