ಸರ್‌ನೇಮ್ ಇಲ್ಲದ ಬೆಳ್ಳಮ್ಮ

ಬೆಳ್ಳಮ್ಮ ಪ್ರವಾಸಿ ಎಂದು ತೀರ್ಮಾನಿಸಿದವನು ಸಾಗರದ ಟ್ರಾವೆಲ್ಸ್ ಅಂಗಡಿಯ ಶ್ರೀಕರ. ಅಲ್ಲಿಯವರೆಗೆ ಆಕೆ, ತಾನು ಹೊಸನಗರದ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು ಎಂದೇ ತಿಳಿದುಕೊಂಡಿದ್ದಳು. ಶಾರ್ಜಾದಲ್ಲಿ ನರ್ಸಾಗಿದ್ದ ಮಗಳು ಮಂಜುಶ್ರೀಗೆ ಚೊಚ್ಚಲ ಹೆರಿಗೆ ಹತ್ತಿರ ಬಂದಿತ್ತು. ವಿಮಾನ ಹತ್ತುವ ತಿಂಗಳು ದಾಟಿಹೋಗಿದ್ದರಿಂದ ಅವಳು ಊರಿಗೆ ಬರುವಂತಿರಲಿಲ್ಲ. ಅವ್ವನೇ ಹೋಗಬೇಕು.

“ಬಾಣಂತನಕ್ಕೆ ಅಂತ ವೀಸಾ ಇಲ್ವಾ?” ಎಂದ ಪ್ರಜ್ವಲ್. ಬೆಳ್ಳಮ್ಮನ ಈ ಮಗ ಒಂಬತ್ತನೇ ಕ್ಲಾಸಿನಲ್ಲೇ ಶಾಲೆಗೆ ಕೈಮುಗಿದು, ಮುಂದೆ ಗೂಡ್ಸ್ ಆಟೊ ಹಿಡಿದವನು. ಅವನ ಸಿಟ್ಟು ಮಾತ್ರ ಡಿಗ್ರಿ ಮುಗಿಸಿತ್ತು.

“ಅದೆಲ್ಲ ಇಲ್ಲ ಮಾರಾಯಾ. ಟೂರಿಸ್ಟ್ ವೀಸಾ. ಮೂವತ್ತು ದಿನದ್ದು ಇದೆ, ಅರವತ್ತು ದಿನದ್ದು ಇದೆ. ಒಂದೇ ಸಲ ಒಳಗೆ ಹೋಗೋದು ಬೇರೆ, ಹೋಗಿ ಬಂದು ಮಾಡೋದು ಬೇರೆ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳು ಆಯುಸ್ಸು ಇರ್ಬೇಕು. ವಾಪಸ್ ಟಿಕೆಟ್ ಇರ್ಬೇಕು. ಎಲ್ಲಿ ಉಳೀತಾರೆ, ವಿಳಾಸ ಬೇಕು.”

ಪಕ್ಕದ ತಾಲ್ಲೂಕಿನ ಲಿಂಗನಮಕ್ಕಿ ಅಣೆಕಟ್ಟಿನ ಗೇಟು ತೆಗೆದಾಗ ಊರಿಗೆ ಊರೇ ನೋಡಲು ಓಡಿದರೂ “ನೀರು ತಾನೆ” ಎಂದು ಒಲೆ ಮುಂದೆ ಕೂತ ಹೆಂಗಸು ಈಗ ಟೂರಿಸ್ಟು. ಪ್ರಜ್ವಲನಿಗೆ ನಗು ಬರಬೇಕಿತ್ತು. ಬರಲಿಲ್ಲ.

“ಯಾಕೆ ಬಂದ್ರಿ ಅಂತ ಅಲ್ಲಿ ಕೇಳಿದ್ರೆ, ಮಗಳ ಮನೆಗೆ ಅಂತ ಇದ್ದದ್ದು ಹೇಳಿ,” ಎಂದ ಶ್ರೀಕರ. “ಕೆಲಸಕ್ಕೆ ಅಂತ ಮಾತ್ರ ಬಾಯಿ ಬಿಡ್ಬೇಡಿ.”

“ಬಾಣಂತನ ಕೆಲಸ ಅಲ್ವಾ?” ಎಂದಳು ಬೆಳ್ಳಮ್ಮ.

“ಸಂಬಳ ಇಲ್ವಲ್ಲಮ್ಮ. ಹಾಗಾಗಿ ಕೆಲಸ ಅಲ್ಲ.”

“ಹಾಗಾದ್ರೆ ನಾನು ಹುಟ್ಟಿದಾಗಿಂದ ಟೂರಿಸ್ಟೇ ಬಿಡಿ.”

ಆಕೆಯ ಸೊಂಟದಲ್ಲಿದ್ದ ಎಲೆಅಡಿಕೆ ಸಂಚಿಯ ಮೇಲೆ ಶ್ರೀಕರನ ಕಣ್ಣು ಬಿತ್ತು. “ಅದನ್ನ ಇಲ್ಲೇ ಬಿಟ್ಟು ಹೋಗಿ. ಆ ದೇಶದೊಳಗೆ ಕವಳ ತಗೊಂಡು ಹೋಗೋ ಹಾಗಿಲ್ಲ.” ಬೆಳ್ಳಮ್ಮ ಸಂಚಿಯನ್ನು ಕೈಯಲ್ಲಿ ಮುಚ್ಚಿಕೊಂಡಳು. ಅದುವರೆಗೆ ಆಕೆಗೆ ಆ ದೇಶದ ಮೇಲೆ ಯಾವ ಅಭಿಪ್ರಾಯವೂ ಇರಲಿಲ್ಲ. ಈಗ ಒಂದು ಹುಟ್ಟಿತು.

ಅಷ್ಟರಲ್ಲಿ ಶ್ರೀಕರ ಪಾಸ್‌ಪೋರ್ಟ್ ಬಿಡಿಸಿದವನು ತಲೆ ಕೆರೆದುಕೊಂಡ. “ಸರ್‌ನೇಮ್ ಎಲ್ಲಿ?”

“ಬೆಳ್ಳಮ್ಮ ಅಂತ ಇದೆಯಲ್ಲ.”

“ಅದು ಹೆಸ್ರು. ಸರ್‌ನೇಮ್ ಜಾಗ ಖಾಲಿ ಇದೆ. ಒಂದೇ ಹೆಸ್ರು ಇದ್ದೋರಿಗೆ ಅವರು ಟೂರಿಸ್ಟ್ ವೀಸಾ ಕೊಡಲ್ಲ.”

“ಈ ಪಾಸ್‌ಪೋರ್ಟ್ ಮಾಡಿಸಿಕೊಟ್ಟೋರು ನೀವೇ ಅಲ್ವಾ?” ಎಂದ ಪ್ರಜ್ವಲ್.

“ಆಗ ನೀವು ಪಾಸ್‌ಪೋರ್ಟ್ ಮಾಡಿಸ್ಬೇಕು ಅಂದ್ರಿ. ಎಲ್ಲಿಗಾದ್ರೂ ಹೋಗ್ತೀವಿ ಅಂದ್ರಾ?”

ಇಂಥ ಬುದ್ಧಿ ಓದಿದವರಿಗೆ ಮಾತ್ರ ಬರುತ್ತದೆ. ಪ್ರಜ್ವಲ್ ಮುಷ್ಟಿಯನ್ನು ಜೇಬಿಗೆ ಹಾಕಿಕೊಂಡ.

“ಗಾಬರಿ ಬೇಡ,” ಎಂದ ಶ್ರೀಕರ. “ಗಂಡನ ಹೆಸ್ರು ಸೇರಿಸಿದ್ರೆ ಆಯ್ತು. ಇಬ್ಬರದ್ದೂ ಜೋಡಿ ಫೋಟೊ, ಅದರ ಮೇಲೆ ಇಬ್ಬರ ಸಹಿ. ಅಷ್ಟೇ.”

ಅಷ್ಟೇ. ಬೆಳ್ಳಮ್ಮನ ಗಂಡ ಶೇಷಪ್ಪ ಪ್ರಜ್ವಲನ ಶಾಲೆ ನಿಂತ ವರ್ಷವೇ ಇನ್ನೊಬ್ಬಳ ಜೊತೆ ಹೋದವನು. ಈಗ ತೀರ್ಥಹಳ್ಳಿ ಹತ್ತಿರ ಮೇಳಿಗೆಯಲ್ಲಿ ಸಣ್ಣ ಹೋಟೆಲು ಇಟ್ಟಿದ್ದ. ಬೆಳ್ಳಮ್ಮ ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಮರುದಿನ ಪ್ರಜ್ವಲ್ ಅವ್ವನಿಗೆ ತಿಳಿಸದೆ ಮೇಳಿಗೆಗೆ ಆಟೊ ಓಡಿಸಿದ. ಶೇಷಪ್ಪ ಬನ್ಸ್ ಕರಿಯುತ್ತಿದ್ದ.

“ಯಾರು, ಪ್ರಜ್ವಲ್ಲಾ? ಮೀಸೆ ಬಂದಿದೆಯಲ್ಲೋ!”

“ನಿಮ್ಮನ್ನ ಕೇಳಿ ಬರ್ಬೇಕಿತ್ತಾ ಅದು?”

ವಿಷಯ ಕೇಳುತ್ತಿದ್ದಂತೆ ಶೇಷಪ್ಪನ ಎದೆ ಬಾಣಲೆಯಲ್ಲಿದ್ದ ಬನ್ಸಿಗಿಂತ ಹೆಚ್ಚು ಉಬ್ಬಿತು. “ಅಂತೂ ನನ್ನ ಹೆಸ್ರು ಬೇಕಾಯ್ತು! ವಿಮಾನ ಹತ್ತೋಕೂ ಗಂಡ ಬೇಕು ಅಂತ ಈಗ ಗೊತ್ತಾಯ್ತು ಅವಳಿಗೆ. ಸಹಿ ತಾನೆ? ಹಾಕ್ತೀನಿ. ಆದ್ರೆ ಮನೆಗೆ ಬಂದೇ ಹಾಕ್ತೀನಿ. ಅವಳು ಬಾಗಿಲಿಗೆ ಬಂದು, ಬನ್ನಿ ಅಂತ ಕರೀಬೇಕು. ನಾಲ್ಕು ಜನ ನೋಡ್ಬೇಕು.”

ಆ ದೇಶವೇ ವಾಸಿ ಎನ್ನಿಸಿತು ಪ್ರಜ್ವಲನಿಗೆ. ಅದು ಕೇಳಿದ್ದು ಬರೀ ಒಂದು ಹೆಸರು. ಈ ಮನುಷ್ಯ ಕೇಳುತ್ತಿದ್ದದ್ದು ಮೆರವಣಿಗೆ.

“ಹೇಳ್ತೀನಿ,” ಎಂದಷ್ಟೇ ಹೇಳಿ ಹೊರಟ. ಬೇರೆ ಏನಾದರೂ ಹೇಳಿದ್ದರೆ ಬಾಣಲೆ ಬೋರಲಾಗುತ್ತಿತ್ತು. ಅಕ್ಕನ ಮುಖ ನೆನಪಾಗಿ ಹಲ್ಲು ಕಚ್ಚಿಕೊಂಡಿದ್ದ.

ಮನೆಯಲ್ಲಿ ಬೆಳ್ಳಮ್ಮ ಬಾಣಂತಿ ಲೇಹ್ಯ ತಿರುವುತ್ತಿದ್ದಳು. ಮಗ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಸೌಟು ನಿಲ್ಲಲಿಲ್ಲ.

“ಅವನ ಹೆಸ್ರು ಹೊತ್ಕೊಂಡು ಕೂತ್ರೆ ವಿಮಾನ ಏಳೋದೇ ಇಲ್ಲ ಮಗಾ.”

“ಹಾಗಾದ್ರೆ ಮಂಜಕ್ಕ? ಅಲ್ಲಿ ಅವಳಿಗೆ ಯಾರಿದಾರೆ? ಭಾವ ಶಿಫ್ಟಿಗೆ ಹೋದ್ರೆ ನೀರು ಕಾಯಿಸೋರಿಲ್ಲ. ನಿನಗೆ ಹಟ ದೊಡ್ಡದೋ ಮಗಳು ದೊಡ್ಡೋಳೋ?”

ಈಗ ಸೌಟು ನಿಂತಿತು. ಲೇಹ್ಯ ತಳ ಹಿಡಿಯುವ ವಾಸನೆ ಬಂದರೂ ಬೆಳ್ಳಮ್ಮ ಅಲ್ಲಾಡಲಿಲ್ಲ. ಕೊನೆಗೆ ಪಾತ್ರೆ ಇಳಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡಳು.

“ಎರಡು ಹೆಸ್ರು ಬೇಕು, ಅಷ್ಟೇ ತಾನೆ? ಇನ್ನೊಂದು ಗಂಡಸಿನದ್ದೇ ಆಗ್ಬೇಕು ಅಂತ ಇದೆಯಾ?”

“ಹಾಗೇನೂ ಹೇಳಿಲ್ಲ ಶ್ರೀಕರ.”

“ಸಣ್ಣೋಳಿದ್ದಾಗ ನನ್ನ ಎಲ್ರೂ ಬೆಳ್ಳಿ ಅಂತಲೇ ಕರೀತಿದ್ರು. ಅಮ್ಮ ಸೇರ್ಕೊಂಡಿದ್ದು ಆಮೇಲೆ. ಅದನ್ನ ಬಿಡಿಸಿ ಪಕ್ಕದಲ್ಲಿ ಕೂರ್ಸು ಅನ್ನು ಅವನಿಗೆ.”

ಶ್ರೀಕರನಿಗೆ ನಗು ತಡೆಯಲಾಗಲಿಲ್ಲ. “ಹೆಸ್ರು ಬೆಳ್ಳಿ, ಸರ್‌ನೇಮ್ ಅಮ್ಮ? ಇಂಥ ಸರ್‌ನೇಮ್ ಎಲ್ಲಾದ್ರೂ ಇರತ್ತಾ ಮಾರಾಯಾ?”

“ನಿಮ್ಮ ಸರ್‌ನೇಮಿಗಿಂತ ಹಳೇದು,” ಎಂದ ಪ್ರಜ್ವಲ್. “ಆಗತ್ತಾ ಇಲ್ವಾ, ಅಷ್ಟು ಹೇಳಿ.”

ಆಗುತ್ತಿತ್ತು. ಮೊದಲು ಆಧಾರ್‌ನಲ್ಲಿ ಹೆಸರು ಎರಡಾಯಿತು, ಆಮೇಲೆ ಶಿವಮೊಗ್ಗಕ್ಕೆ ಓಡಾಡಿ ಪಾಸ್‌ಪೋರ್ಟಿನಲ್ಲಿ ಎರಡಾಯಿತು. ಇಷ್ಟು ಸುಲಭದ ದಾರಿ ಮೊದಲೇ ಯಾಕೆ ಹೇಳಲಿಲ್ಲ ಎಂದರೆ, “ನೀವು ಕೇಳಿದ್ರಾ?” ಎಂದ ಶ್ರೀಕರ. ವೀಸಾ ಬಂತು. ಬೆಳ್ಳಮ್ಮ ಸಂಚಿಯನ್ನು ಮಗನ ಕೈಗೆ ಕೊಟ್ಟು, ಲೇಹ್ಯದ ಡಬ್ಬಿಯನ್ನು ಸೀರೆಗಳ ನಡುವೆ ಇಟ್ಟು ವಿಮಾನ ಹತ್ತಿದಳು. ಮಂಜುಶ್ರೀಗೆ ಇನ್ನೂ ನೋವು ಕಾಣಿಸಿಕೊಂಡಿರಲಿಲ್ಲ.

ಅಲ್ಲಿಂದ ಫೋನು ಬಂದಾಗ ಪ್ರಜ್ವಲ್ ಆಟೊಗೆ ಸಿಮೆಂಟ್ ಹೇರುತ್ತಿದ್ದ.

“ಮುಟ್ಟಿದೆ ಕಣೋ. ವಿಮಾನ ಇಳಿದು ಹೊರಗೆ ಬರೋ ಬಾಗ್ಲಲ್ಲಿ ಉದ್ದ ಬಿಳಿ ಅಂಗಿ ಹಾಕ್ಕೊಂಡು ಒಬ್ಬ ಹುಡುಗ ಕೂತಿದ್ದ. ಪಾಸ್‌ಪೋರ್ಟ್ ಪುಸ್ತಕ ನೋಡ್ದ, ನನ್ನ ಮುಖ ನೋಡ್ದ. ಆಮೇಲೆ ಅಮ್ಮ, ಅಮ್ಮ ಅಂತ ಕೂಗ್ದ. ಕನ್ನಡ ಬರತ್ತೇನೋ ಅಂದ್ಕೊಂಡು, ಊಟ ಆಯ್ತಾ ಮಗಾ ಅಂತ ಕೇಳೇ ಬಿಟ್ಟೆ.”

ಪ್ರಜ್ವಲ್ ಸಿಮೆಂಟಿನ ಮೂಟೆಯ ಮೇಲೆ ಕೂತು ನಕ್ಕ. ಎಷ್ಟೋ ವಾರದ ಮೇಲೆ ಬಂದ ನಗು ಅದು.

ಫೋನು ಇಡುತ್ತಿದ್ದಂತೆ ಮತ್ತೆ ಹೊಡೆದುಕೊಂಡಿತು. ಶೇಷಪ್ಪ.

“ಎಂತದೋ, ಸುದ್ದಿನೇ ಇಲ್ಲ? ಫೋಟೊಕ್ಕೆ ಅಂತ ತಲೆಗೆ ಬಣ್ಣ ಹಚ್ಚಿಸ್ಕೊಂಡಿದೀನಿ. ಹೊಸ ಅಂಗಿ ಹೊಲಿಸಿದೀನಿ. ಯಾವಾಗ ಬರ್ಲಿ ಮನೆಗೆ?”

“ಶೇಷಪ್ಪನೋರೆ,” ಎಂದ ಪ್ರಜ್ವಲ್, ಇಷ್ಟು ಮರ್ಯಾದೆಯಿಂದ ಅವನು ಯಾರೊಡನೆಯೂ ಮಾತಾಡಿದ್ದಿಲ್ಲ, “ನಿಮ್ಮ ವೀಸಾ ರಿಜೆಕ್ಟ್ ಆಗಿದೆ.”